ಸ್ಟೇರಿಂಗ್ ನಡುಗಿದ್ರೆ ಮೊದಲು ಪಾನಾ ಹಿಡೀಬೇಡ್ರಿ

ಬೀದರಿನ ಕಾಲೇಜಲ್ಲಿ ಬಾಹಾ ಬಗ್ಗಿ ಕಟ್ಟೋ ಕನಸಿನ ನಾವಿದ್ದೀವಿ. ಭಾಲ್ಕಿ, ಔರಾದ ಕಡೆ ಹಳೇ ಜೀಪಿಗೆ ದೊಡ್ಡ ಟೈರ್ ಹಾಕಿ ಎತ್ತರ ಮಾಡಿಸಿಕೊಂಡ ಅಣ್ಣಂದಿರಿದ್ದಾರೆ. ಇಬ್ಬರದೂ ಒಂದೇ ಕಂಪ್ಲೇಂಟ್: "ಐವತ್ತು ದಾಟಿದ್ರ ಸ್ಟೇರಿಂಗ್ ನಡಗ್ತದಲೇ." ಮಾಡೋದೂ ಒಂದೇ, ಸೀದಾ ವ್ಹೀಲ್ ಬ್ಯಾಲೆನ್ಸಿಂಗ್. ಹೋಗ್ಲಿಲ್ಲ ಅಂದ್ರೆ ಶಾಕ್ ಅಬ್ಸಾರ್ಬರ್, ಆಮೇಲೆ ಟೈರ್. ರೊಕ್ಕ ಖಾಲಿ, ನಡುಕ ಹಂಗೇ.

ಕಂಪನಿ ಗಾಡಿಗೆ ಮ್ಯಾನುವಲ್ ಇರತದ. ನಾವು ಕಟ್ಟಿದ ಗಾಡಿಗೆ ಇರಲ್ಲ, ನಾವೇ ಬರೀಬೇಕು. ಅದಕ್ಕೇ ನಾನು ಹೇಳೋದು, ಪಾರ್ಟ್ ಕೊಳ್ಳೋ ಮೊದಲು ಒಂದು ನೋಟ್‌ಬುಕ್ ಕೊಳ್ರಿ. ಎಷ್ಟು ಸ್ಪೀಡಿಗೆ ನಡುಕ ಶುರು? ಬ್ರೇಕ್ ಒತ್ತಿದಾಗ ಮಾತ್ರಾನಾ? ಹಾಗಿದ್ರೆ ಡ್ರಮ್ಮೋ ಡಿಸ್ಕೋ ನೋಡ್ರಿ. ಗಾಡಿ ನಿಂತಾಗ ರೇಸ್ ಕೊಟ್ರೂ ನಡುಗ್ತದಾ? ಹಾಗಾದ್ರೆ ಇಂಜಿನ್ ಮೌಂಟ್ ನೋಡ್ರಿ, ಟೈರ್ ಪಾಪ ಏನು ಮಾಡ್ತದ.

ಲೆಕ್ಕಾನೂ ಪಿಯುಸಿದೇ. ಟೈರ್ ವ್ಯಾಸ 70 ಸೆಂ.ಮೀ. ಅಂದ್ರೆ ಸುತ್ತಳತೆ ಸುಮಾರು 2.2 ಮೀಟರ್. 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 16.7 ಮೀಟರ್ ಹೋಗ್ತೀವಿ, ಚಕ್ರ ಸೆಕೆಂಡಿಗೆ ಏಳೂವರೆ ಸುತ್ತು. ಡಿಫರೆನ್ಷಿಯಲ್ ರೇಶಿಯೋ 4 ಇದ್ರೆ ಜೀಪಿನ ಪ್ರೊಪೆಲರ್ ಶಾಫ್ಟ್ 30 ಸುತ್ತು. ಕೈಯಲ್ಲಿ ದಡದಡ ಅಂದ್ರೆ ಚಕ್ರದ ಕಡೆ, ಸೀಟಿನ ಕೆಳಗೆ ಗುಂಯ್ ಅಂದ್ರೆ ಶಾಫ್ಟಿನ ಕಡೆ ಮೊದಲು ಹುಡುಕ್ರಿ.

ಗುಂಡಿಗೆ ಬಿದ್ದ ಕೂಡಲೇ ಶುರುವಾಗಿ ಗಾಡಿ ಸ್ಲೋ ಆಗೋ ತನಕ ಬಿಡದ ನಡುಕ ಬೇರೆ. ಕಿಂಗ್‌ಪಿನ್, ಟೈ ರಾಡ್ ಎಂಡ್ ಸಡಿಲ ಇದಾವೇನೋ ನೋಡಬೇಕು. ಜೀಪ್ ಎತ್ತರ ಮಾಡಿದಾಗ ಡ್ರ್ಯಾಗ್ ಲಿಂಕ್ ಇಳಿಜಾರಾಗ್ತದ. ಸ್ಪ್ರಿಂಗ್ ಕೂತಾಗೆಲ್ಲ ಚಕ್ರ ತಾನೇ ತಿರುಗ್ತದ. ಇದು ಬಂಪ್ ಸ್ಟೀರ್. ಬ್ಯಾಲೆನ್ಸಿಂಗಿಗೆ ಇದು ಜಗ್ಗಲ್ಲ. ಬಗ್ಗಿಯಲ್ಲೂ ಟೈ ರಾಡ್ ಉದ್ದ, ಕೋನ ತಪ್ಪಿದ್ರೆ ಇದೇ ಕಥೆ. ಸ್ಟೇರಿಂಗ್ ಕಟ್ಟಿಹಾಕಿ, ಸ್ಪ್ರಿಂಗ್ ಬಿಚ್ಚಿ, ಜಾಕ್‌ನಿಂದ ಚಕ್ರ ಮೇಲೆ ಕೆಳಗೆ ಮಾಡಿ ಟೋ ಅಳೀರಿ. ಟೇಪ್ ಸಾಕು.

ಟೈಮ್ ಎಲ್ಲಿದೆ ಅಂತಾರೆ. ಬಾಹಾದ ಎಂಡ್ಯೂರನ್ಸ್ ರೇಸ್ 4 ಗಂಟೆ, ವರ್ಕ್‌ಶಾಪ್‌ನಲ್ಲಿ ಅರ್ಧ ಗಂಟೆ ಸಿಗದ ಟೀಮ್ ಅಲ್ಲಿ ಏನು ಓಡಿಸ್ತದೋ. ಔರಾದ ರಸ್ತೇಲಿ ಎದುರಿಗೆ ಬಸ್ ಬರೋವಾಗ ಟೈ ರಾಡ್ ಎಂಡ್ ಕಳಚಿದ್ರೆ ಆ ಅರ್ಧ ಗಂಟೇನೂ ಸಿಗಲ್ಲ. ಸ್ಟೇರಿಂಗಿನ ಒಂದೊಂದು ಜಾಯಿಂಟ್ ಕೈಯಿಂದ ಅಲ್ಲಾಡಿಸಿ ನೋಡದೆ ಯಾರನ್ನೂ ಡ್ರೈವರ್ ಸೀಟಿಗೆ ಕೂಡಿಸಬಾರದು, ಸೀನಿಯರ್ ಇದ್ರೂ ಸರಿ.

ಈ ಸೆಮ್ ಬಜೆಟ್‌ನಲ್ಲಿ ಸ್ಟಿಕರಿಗೆ ಇಟ್ಟ ದುಡ್ಡಲ್ಲಿ ಒಂದು ಡಯಲ್ ಗೇಜ್ ತರೋಣ ಅಂತ ಮೀಟಿಂಗಲ್ಲಿ ಕೇಳ್ತೀನಿ. ರಿಮ್ ಸೊಟ್ಟ ಅದನೋ ಇಲ್ಲೋ ಅಂತ ಕಣ್ಣಂದಾಜಲ್ಲಿ ಜಗಳ ಆಡೋದು ನಿಲ್ತದ.