ಸದ್ದು ಮಾಯ ಆಗಲ್ಲ, ಪಕ್ಕದವರ ಕಿವಿಗೆ ಹೋಗುತ್ತೆ

ಭಾಗ 1/6

ಮೊದಲ ಫೋಟೋದಲ್ಲಿ ಇರೋದು ನನ್ನ ಎಡಗಿವಿ. ನೋಡೋಕೆ ಏನೂ ಆಗಿಲ್ಲ ಅಲ್ವಾ? ಸಮಸ್ಯೆನೇ ಅದು. ಕೈ ಮುರಿದ್ರೆ ಪ್ಲಾಸ್ಟರ್ ಕಾಣುತ್ತೆ, ಕಿವಿ ಹಾಳಾದ್ರೆ ಯಾವ ಫೋಟೋದಲ್ಲೂ ಕಾಣಲ್ಲ.

ಹೋದ ವರ್ಷ ಎನ್‌ಸಿಸಿ ಕ್ಯಾಂಪಲ್ಲಿ .22 ರೈಫಲ್ ಫೈರಿಂಗ್ ಇತ್ತು. ಸಾಲಾಗಿ ಮಲಗಿದ್ವಿ, ತಲಾ ಐದು ರೌಂಡ್. ನನ್ನ ಐದು ಮುಗೀತು, ಆದ್ರೆ ಅಕ್ಕಪಕ್ಕದವರದ್ದು ಮುಗಿದಿರಲಿಲ್ಲ. ಎದ್ದು ಬಂದ್ಮೇಲೆ ಎಡಗಿವೀಲಿ "ಕುಂಯ್" ಅಂತ ಒಂದೇ ಸಮ. ರಾತ್ರಿ ಮೆಸ್ಸಲ್ಲಿ ಪಕ್ಕದವಳು ಸಾಂಬಾರ್ ಕೇಳಿದ್ದು ನನಗೆ ಗೊತ್ತೇ ಆಗ್ಲಿಲ್ಲ. "ಹೊಸಬರಿಗೆಲ್ಲ ಹಾಗೇ, ಅಭ್ಯಾಸ ಆಗುತ್ತೆ ಬಿಡು" ಅಂದ್ರು ಒಬ್ಬರು. ಎಲ್ಲರೂ ನಕ್ರು. ನಾನೂ ನಕ್ಕೆ.

ಮೊನ್ನೆ ಕ್ಲಾಸ್ ಗ್ರೂಪಲ್ಲಿ ಒಬ್ಬ ಒಂದು ರೀಲ್ ಹಾಕಿದ. ಅಮೆರಿಕದವನೊಬ್ಬ ರೈಫಲ್ ತುದಿಗೆ ಡಬ್ಬಿ ಥರದ್ದು ತಿರುಗಿಸಿ ಹಾಕ್ತಾನೆ, ಹೊಡೀತಾನೆ, ಕ್ಯಾಮೆರಾ ನೋಡಿ ನಗ್ತಾನೆ. ನಮ್ಮವನ ಕಾಮೆಂಟ್: "ಇದಿದ್ದಿದ್ರೆ ನಿನ್ನ ಕಿವಿ ಉಳೀತಿತ್ತು ಮಗಾ." ಹದಿನೆಂಟು ಜನ ಥಂಬ್ಸ್ ಅಪ್. ಈ ಸೀರೀಸ್ ಆ ಹದಿನೆಂಟು ಜನಕ್ಕೆ.

ಭಾಗ 2/6

ಬಿಜಿಎಮ್ಐ ಆಡೋರಿಗೆ ಕಾಂಪೆನ್ಸೇಟರ್, ಫ್ಲ್ಯಾಶ್ ಹೈಡರ್, ಸಪ್ರೆಸರ್ ಮೂರೂ ಗೊತ್ತು. ಆದ್ರೆ ಗೇಮಲ್ಲಿ ನಿಮ್ಮ ಪಕ್ಕ ನಿಂತವನಿಗೆ ಕಿವಿನೇ ಇಲ್ಲ. ನಿಜದಲ್ಲಿ ಇದೆ.

ಗುಂಡು ನಳಿಗೆಯಿಂದ ಹೊರಗೆ ಬಂದಾಗ ಅದರ ಹಿಂದೆನೇ ಬಿಸಿ ಗ್ಯಾಸ್ ಭಾರಿ ಒತ್ತಡದಲ್ಲಿ ಸಿಡಿಯುತ್ತೆ. ಆ "ಢಂ" ಮುಖ್ಯವಾಗಿ ಅದೇ. ಮಜಲ್ ಬ್ರೇಕ್ ಅನ್ನೋದು ಆ ಗ್ಯಾಸನ್ನ ಅಕ್ಕಪಕ್ಕಕ್ಕೆ, ಸ್ವಲ್ಪ ಹಿಂದಕ್ಕೂ ತಿರುಗಿಸುತ್ತೆ. ಭುಜಕ್ಕೆ ಬೀಳೋ ಒದೆ ಕಡಿಮೆ ಆಗುತ್ತೆ, ಪಕ್ಕದವನ ಕಿವಿಗೆ ಬೀಳೋ ಹೊಡೆತ ಜಾಸ್ತಿ ಆಗುತ್ತೆ. ರೀಲಲ್ಲಿ ಇದ್ದದ್ದು ಇದರ ಉಲ್ಟಾ: ಲೀನಿಯರ್ ಕಾಂಪೆನ್ಸೇಟರ್. ಗ್ಯಾಸನ್ನ ಮುಂದಕ್ಕೆ ಮಾತ್ರ ತಳ್ಳುತ್ತೆ. ಹೊಡೆಯೋನಿಗೆ ಸದ್ದು ಸ್ವಲ್ಪ ಕಡಿಮೆ ಅನ್ಸುತ್ತೆ.

ನ್ಯಾಯವಾಗಿ ಹೇಳ್ಬೇಕಂದ್ರೆ ಅದು ಕೆಟ್ಟ ವಸ್ತು ಅಲ್ಲ. ಎರಡೂ ಕಡೆ ಗೋಡೆ ಇರೋ ರೇಂಜಲ್ಲಿ, ಮುಂದೆ ಯಾರೂ ಇಲ್ಲದಿದ್ರೆ, ಪಕ್ಕದವನಿಗೆ ಬ್ರೇಕ್‌ಗಿಂತ ಇದು ಎಷ್ಟೋ ವಾಸಿ. ನನ್ನ ಜಗಳ ಆ ಕಬ್ಬಿಣದ ಜೊತೆ ಅಲ್ಲ. "ಇದಿದ್ರೆ ಕಿವಿ ಉಳಿಯುತ್ತೆ" ಅನ್ನೋ ಮಾತಿನ ಜೊತೆ.

ಭಾಗ 3/6

ಬಿಕಾಂ ಓದ್ತಾ ಇದೀವಿ, ನಮ್ಮ ಭಾಷೇಲೇ ಹೇಳ್ತೀನಿ. ಇದು ಟ್ರಾನ್ಸ್‌ಫರ್ ಎಂಟ್ರಿ. ರೈಟ್ ಆಫ್ ಅಲ್ಲ.

ಸಾಲ ತೀರಿಲ್ಲ. ನಿಮ್ಮ ಖಾತೆಯಿಂದ ತೆಗೆದು ಇನ್ನೊಬ್ಬರ ಖಾತೆಗೆ ಬರೆದಿದ್ದೀರಿ ಅಷ್ಟೇ. ಬ್ರೇಕ್ ಹಾಕಿದ್ರೆ ಪಕ್ಕದ ಲೇನಿನವನ ಖಾತೆಗೆ. ಮುಂದಕ್ಕೆ ತಳ್ಳಿದ್ರೆ ಮುಂದೆ ಇರೋರ ಖಾತೆಗೆ: ಬೇಟೆನಾಯಿ, ನಾಲ್ಕು ಹೆಜ್ಜೆ ಮುಂದಿರೋ ಜೊತೆಗಾರ ಸೈನಿಕ. ರೀಲ್ ಮಾಡಿದವನು ತನ್ನ ಬ್ಯಾಲೆನ್ಸ್ ಶೀಟ್ ಮಾತ್ರ ತೋರಿಸ್ತಾನೆ. ಪಕ್ಕದಲ್ಲಿ ಇದ್ದವರ ರೀಲ್ ಯಾರೂ ಮಾಡಲ್ಲ.

ಇನ್ನೊಂದು ವಿಷಯ. ಗುಂಡು ಸದ್ದಿನ ವೇಗಕ್ಕಿಂತ, ಅಂದ್ರೆ ಸೆಕೆಂಡಿಗೆ ಸುಮಾರು 340 ಮೀಟರ್‌ಗಿಂತ, ಜೋರಾಗಿ ಹೋದ್ರೆ ಗಾಳೀಲೇ ಚಾವಟಿ ಹೊಡೆದ ಥರ ಬೇರೆ ಸದ್ದು ಮಾಡುತ್ತೆ. ತುದಿಗೆ ಏನು ಸಿಗಿಸಿದ್ರೂ ಅದು ನಿಲ್ಲಲ್ಲ.

ಭಾಗ 4/6

ಈಗ ಲೆಕ್ಕ. ಇದನ್ನ ಸೇವ್ ಮಾಡ್ಕೊಳ್ಳಿ.

ಡೆಸಿಬಲ್ ಅನ್ನೋದು ಪರ್ಸೆಂಟೇಜ್ ಥರ ಅಲ್ಲ. 10 ಡೆಸಿಬಲ್ ಜಾಸ್ತಿ ಅಂದ್ರೆ ಶಕ್ತಿ ಹತ್ತು ಪಟ್ಟು. ಥಟ್ಟನೆ ಸಿಡಿಯೋ ಸದ್ದಿಗೆ ತಜ್ಞರು ಹಾಕಿರೋ ಗೆರೆ 140. ದೊಡ್ಡ ರೈಫಲ್‌ದು 160 ದಾಟುತ್ತೆ. ಈಗ ಆ ಡಬ್ಬಿ ಸಿಗಿಸಿ. ಹೊಡೆಯೋನ ಕಿವಿ ಹತ್ತಿರ ಐದಾರು ಕಡಿಮೆ ಆಯ್ತು ಅಂತ ಇಟ್ಕೊಳ್ಳಿ. ಗೆರೆಯ ಒಳಗೆ ಬಂದ್ರಾ? ಇಲ್ಲ. ಹತ್ತನೇ ಮಹಡಿಯಿಂದ ಬೀಳೋನಿಗೆ ಒಂಬತ್ತನೇದರಿಂದ ಬೀಳು ಅಂದ ಹಾಗೆ.

ನಿಜವಾದ ಸಪ್ರೆಸರ್ 20-30 ಡೆಸಿಬಲ್ ಇಳಿಸುತ್ತೆ. ಅಮೆರಿಕದಲ್ಲಿ 1934ರ ಕಾನೂನು ಅದಕ್ಕೆ 200 ಡಾಲರ್ ತೆರಿಗೆ, ಅರ್ಜಿ, ನೋಂದಣಿ ಎಲ್ಲ ಹಾಕಿತ್ತು. ಲೀನಿಯರ್ ಕಾಂಪೆನ್ಸೇಟರ್‌ಗೆ ಅದ್ಯಾವುದೂ ಇಲ್ಲ. ಸುಲಭಕ್ಕೆ ಸಿಗೋ ವಸ್ತು, ಕಷ್ಟಕ್ಕೆ ಸಿಗೋ ವಸ್ತುವಿನ ಹೆಸರಲ್ಲಿ ಮಾರಾಟ ಆಗುತ್ತೆ. ಇದು ಮಾರ್ಕೆಟಿಂಗ್ ಫ್ರೆಂಡ್ಸ್, ವಿಜ್ಞಾನ ಅಲ್ಲ.

ಕಿವಿ ಒಳಗೆ ಸದ್ದು ಹಿಡಿಯೋ ಕೂದಲಿನಂಥ ಕೋಶಗಳಿವೆ, ಒಂದೊಂದು ಕಿವೀಲಿ ಸುಮಾರು 15 ಸಾವಿರ. ಸತ್ತರೆ ಮತ್ತೆ ಹುಟ್ಟಲ್ಲ. "ಅಭ್ಯಾಸ ಆಗುತ್ತೆ" ಅಂದ್ರಲ್ಲ, ಅಭ್ಯಾಸ ಅಲ್ಲ ಅದು. ಕೇಳಿಸ್ಕೊಳ್ಳೋಕೆ ಉಳಿದಿರೋದೇ ಕಡಿಮೆ ಆಗ್ತಾ ಹೋಗುತ್ತೆ.

ಭಾಗ 5/6

ಒಂದು ಮನೆ ಕಥೆ. ಹೈರಮ್ ಮ್ಯಾಕ್ಸಿಮ್ ಅನ್ನೋನು 1884ರಲ್ಲಿ ಮೆಷಿನ್ ಗನ್ ಮಾಡಿದ. ಆ ಸದ್ದು ಕೇಳಿ ಕೇಳಿ ವಯಸ್ಸಾದ ಮೇಲೆ ಅವನಿಗೆ ಕಿವಿನೇ ಕೇಳ್ತಿರಲಿಲ್ಲ. ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಬಂದೂಕಿನ ಸೈಲೆನ್ಸರ್‌ಗೆ ಪೇಟೆಂಟ್ ತಗೊಂಡ. ಅದೇ ತತ್ವವನ್ನ ಎಂಜಿನ್ನಿಗೂ ತಂದ. ಇವತ್ತು ಬೈಕಿನ ಸೈಲೆನ್ಸರ್ ಕಿತ್ತು ಹಾಸ್ಟೆಲ್ ಮುಂದೆ "ಡಬ್ ಡಬ್" ಅಂತ ಮೂರು ರೌಂಡ್ ಹೊಡೆಯೋ ಅಣ್ಣಂದಿರೇ, ನಿಮ್ಮದೂ ಟ್ರಾನ್ಸ್‌ಫರ್ ಎಂಟ್ರಿನೇ. ಹೊಗೆ ಕೊಳವೆ ನಿಮ್ಮ ಹಿಂದೆ ಇದೆ, ನಮ್ಮ ಮುಂದೆ ಇದೆ.

ಸೈನಿಕರ ಕಥೆ ಇನ್ನೂ ಜೋರು. ಕೊಟ್ಟ ಇಯರ್‌ಪ್ಲಗ್ ಸರಿ ಇರಲಿಲ್ಲ ಅಂತ ಅಮೆರಿಕದಲ್ಲಿ 2 ಲಕ್ಷಕ್ಕೂ ಜಾಸ್ತಿ ಜನ 3ಎಂ ಕಂಪನಿ ಮೇಲೆ ಕೇಸ್ ಹಾಕಿದ್ರು. 2023ರಲ್ಲಿ ಕಂಪನಿ, ತಪ್ಪು ಒಪ್ಪಿಕೊಳ್ಳದೇನೇ, 6.01 ಬಿಲಿಯನ್ ಡಾಲರ್ ಕೊಡೋಕೆ ಒಪ್ಪಿಕೊಳ್ತು. ಅಷ್ಟು ದುಡ್ಡಿಗೂ ಒಂದೇ ಒಂದು ಕೋಶ ವಾಪಸ್ ಬರಲ್ಲ.

ಭಾಗ 6/6

"ಇದೆಲ್ಲ ಅಮೆರಿಕದ್ದು, ನಮಗ್ಯಾಕೆ?" ಅಂತೀರಾ. ನಮ್ಮ ಕ್ಲಾಸಲ್ಲೇ ಕೊಡಗಿನೋರು ಇದಾರೆ. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಡೋ ಊರು ಅದು. ಒಬ್ಬ ಫ್ರೆಂಡ್ ಮನೆಗೆ ಹೋಗಿದ್ದೆ. ಅವನ ಅಜ್ಜನಿಗೆ ಗುರಿ ಇನ್ನೂ ತಪ್ಪಲ್ಲ, ಆದ್ರೆ ಮೊಮ್ಮಗಳ ಮಾತು ಕೇಳೋಕೆ ಬಲಗಿವಿ ತಿರುಗಿಸ್ತಾರೆ. ಮನೆಯವರು ಅದನ್ನ ಜೋಕ್ ಮಾಡ್ತಾರೆ. ಅಜ್ಜನೂ ನಗ್ತಾರೆ, ಏನಂದ್ರು ಅಂತ ಕೇಳಿಸದೇ.

ದೀಪಾವಳಿ ಪಟಾಕಿಗೂ ನಮ್ಮ ದೇಶದ ನಿಯಮ ಇದೆ: ಸಿಡಿಯೋ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಬಾರದು. ಅಂದ್ರೆ ಪಕ್ಕದಲ್ಲಿ ನಿಂತವರ ಕಿವೀನೂ ಲೆಕ್ಕಕ್ಕೆ ಬರುತ್ತೆ ಅಂತ ಕಾನೂನೇ ಒಪ್ಪಿದೆ. ಫೈರಿಂಗ್ ಲೈನಲ್ಲಿ ಮಾತ್ರ ಯಾಕೆ ಮರೀತೀವಿ?

ನನ್ನ ಬೇಡಿಕೆ ದೊಡ್ಡದಲ್ಲ. ಒಂದು ಜೊತೆ ಫೋಮ್ ಇಯರ್‌ಪ್ಲಗ್, ಒಂದು ಟೀ ಬನ್ ಖರ್ಚು. ಹತ್ತಿ ಸಾಕಾಗಲ್ಲ. ಪ್ಲಗ್ಗನ್ನ ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಲ್ಲಿ ಕಿವೀನ ಮೇಲಕ್ಕೆ-ಹಿಂದಕ್ಕೆ ಎಳೆದು ಒಳಗೆ ಹಾಕಿ, ಅರ್ಧ ನಿಮಿಷ ಒತ್ತಿ ಹಿಡ್ಕೊಳ್ಳಿ. ಉಬ್ಬಿ ಕೂರುತ್ತೆ. ಅದರ ಮೇಲೆ ಇಯರ್ ಮಫ್ ಸಿಕ್ರೆ ಇನ್ನೂ ಒಳ್ಳೇದು. ಇದು ನಿಮ್ಮ ಸಾಲ ಪಕ್ಕದವರ ತಲೆ ಮೇಲೆ ಹಾಕಲ್ಲ.

ಮುಂದಿನ ಕ್ಯಾಂಪಿಗೆ ಹೋಗೋ ಜೂನಿಯರ್ಸ್, ನಾಚಿಕೆ ಬಿಟ್ಟು ಕೇಳಿ: "ಸಾರ್, ಇಯರ್‌ಪ್ಲಗ್ ಇದೆಯಾ?" ನಗ್ತಾರೆ, ನಗ್ಲಿ. ಆ ನಗು ನಿಮಗೆ ಕೇಳಿಸ್ತಾ ಇದೆಯಲ್ಲ, ಅದು ಹಾಗೇ ಉಳೀಲಿ. ಇಲ್ಲ ಅಂದ್ರೆ ನಿಮ್ಮದು ನೀವೇ ತಗೊಂಡು ಹೋಗಿ, ಜೊತೆಗೆ ಒಂದು ಎಕ್ಸ್‌ಟ್ರಾ, ಪಕ್ಕದಲ್ಲಿ ಮಲಗೋರಿಗೆ.

ಆ ಹದಿನೆಂಟು ಜನಕ್ಕೆ: ಥಂಬ್ಸ್ ಅಪ್ ವಾಪಸ್ ತಗೊಳ್ಳಿ. ಒಪ್ಪಲ್ಲ ಅಂದ್ರೆ ಕಾಮೆಂಟಲ್ಲಿ ಬನ್ನಿ, ಜಗಳ ಆಡೋಣ. ಫೋನ್ ಮಾಡೋದಾದ್ರೆ ಸ್ವಲ್ಪ ಜೋರಾಗಿ ಮಾತಾಡಿ. ಎಡಗಿವಿ ಇನ್ನೂ ಪೂರ್ತಿ ಸರಿಯಾಗಿಲ್ಲ.

#ಕಿವಿಉಳಿಸಿ #ಎನ್‌ಸಿಸಿ #ಬಿಕಾಂಬದುಕು #ಟ್ರಾನ್ಸ್‌ಫರ್‌ಎಂಟ್ರಿ