ಯಂತ್ರಕ್ಕೆ ಶುದ್ಧ ಗಾಳಿ, ಕಾರ್ಮಿಕನಿಗೆ ಧೂಳೇ?

ಕಂಪ್ಯೂಟರ್ ಇರುವ ಕೋಣೆಗೆ ಧೂಳು ಸೇರಬಾರದೆಂಬ ಮಾತಿಗೆ ನಮ್ಮ ತಕರಾರಿಲ್ಲ. ಬ್ಯಾಂಕಿನ ಲೆಕ್ಕ, ರೈಲ್ವೆ ಟಿಕೀಟು, ರೇಷನ್ನಿನ ಪಟ್ಟಿ ಎಲ್ಲವೂ ಇಂದು ಆ ಯಂತ್ರಗಳನ್ನೇ ನಂಬಿವೆ. ಯಂತ್ರ ಕೆಟ್ಟ ದಿನ ಬಿಸಿಲಲ್ಲಿ ಕಾಯುವವರು ಸಾಲಿನಲ್ಲಿ ನಿಂತ ಬಡವರೇ. ಆದರೆ ಆ ಕೋಣೆಯನ್ನು ಚೊಕ್ಕಟವಾಗಿಡುವ ಹೊಣೆ ಯಾರದು ಎಂಬುದನ್ನು ವಿಚಾರ ಮಾಡಬೇಕಾಗಿದೆ.

ಕೆಲಸ ಮಾಡುವ ಕಂಪ್ಯೂಟರ್ ಕಾಯುತ್ತದೆ. ಒಳಗಿನ ಫ್ಯಾನು ಕೋಣೆಯ ಗಾಳಿಯನ್ನು ಎಳೆದುಕೊಂಡು ಅದನ್ನು ತಂಪು ಮಾಡುತ್ತದೆ. ಗಾಳಿಯೊಡನೆ ಬಂದ ಧೂಳು ಲೋಹದ ಪಟ್ಟಿಗಳ ಸಂದಿನಲ್ಲಿ ಕಂಬಳಿಯಂತೆ ಕೂತು, ಬಿಸಿ ಹೊರಬೀಳುವ ದಾರಿಯನ್ನು ಮುಚ್ಚುತ್ತದೆ. ಯಂತ್ರ ಮೊದಲು ನಿಧಾನವಾಗುತ್ತದೆ, ಆಮೇಲೆ ನಿಂತೇಹೋಗುತ್ತದೆ.

ಆಗ ಬೈಗುಳ ಬೀಳುವುದು ಕಸ ಗುಡಿಸುವವರ ಮೇಲೆ. ಇದು ನ್ಯಾಯವೇ? ದೊಡ್ಡ ಕಂಪ್ಯೂಟರ್ ಕೋಣೆಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಮಾನಕದ 8ನೆಯ ದರ್ಜೆಯಂತೆ, ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 35,20,000 ಮೀರಬಾರದು. ಅರ್ಧ ಮೈಕ್ರಾನ್ ಎಂದರೆ ತಲೆಗೂದಲಿನ ದಪ್ಪದ ಸುಮಾರು ನೂರನೆಯ ಒಂದು ಪಾಲು. ಪೊರಕೆಯಿಂದ ಇದು ಹೋಗುವುದಿಲ್ಲ. ನೆಲದಲ್ಲಿದ್ದದ್ದು ಎದ್ದು ಯಂತ್ರದೊಳಗೆ ಸೇರುತ್ತದೆ. ಬೇಕಾದದ್ದು ಬೇರೆ ಏರ್ಪಾಡು. ಒಳಬರುವ ಗಾಳಿಯನ್ನು ಸೋಸಬೇಕು. ಹೊರಗಿನ ಗಾಳಿ ನುಗ್ಗದಂತೆ ಒಳಗಿನ ಒತ್ತಡ ತುಸು ಹೆಚ್ಚಿರಬೇಕು. ಬಾಗಿಲಲ್ಲಿ ಅಂಟುಚಾಪೆ ಬೇಕು. ರಟ್ಟಿನ ಪೆಟ್ಟಿಗೆಗಳನ್ನು ಹೊರಗೇ ಬಿಚ್ಚಬೇಕು. ಗುಡಿಸುವ ಬದಲು, 0.3 ಮೈಕ್ರಾನ್ ಕಣಗಳಲ್ಲಿ ನೂರಕ್ಕೆ 99.97 ಪಾಲನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಯಂತ್ರದಿಂದ ಧೂಳನ್ನು ಎಳೆಯಬೇಕು. ಇವೆಲ್ಲ ಆಡಳಿತದವರು ಹಣ ಹಾಕಿ ಮಾಡಬೇಕಾದ ಕೆಲಸ. ಗುತ್ತಿಗೆಯ ಹೆಂಗಸಿನ ಕೈಗೆ ಒಂದು ಪೊರಕೆ ಕೊಟ್ಟು ಆಮೇಲೆ ದಂಡ ಹಾಕುವುದು ಅನ್ಯಾಯ.

ಬಿಲ್ಲಿಗಾಗಿ ಒಂದು ಕಂಪ್ಯೂಟರ್ ಇಟ್ಟಿರುವ ನಮ್ಮ ಸಣ್ಣ ವ್ಯಾಪಾರಿಗಳಿಗೂ ಒಂದು ಮಾತು. ಅದನ್ನು ನೆಲದ ಮೇಲೆ, ಹಿಟ್ಟಿನ ಚೀಲದ ಪಕ್ಕದಲ್ಲಿ ಇಡಬೇಡಿ. ನಡೆಯುತ್ತಿರುವಾಗ ಬಟ್ಟೆ ಹೊದಿಸಬೇಡಿ. ಎರಡು ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಅಂಗಡಿಯ ಹೊರಗೆ ಒಯ್ದು, ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋವರಿನಿಂದ ಧೂಳು ಊದಿ. ಕರೆಂಟು ಬರುವ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ನೀವಾಗಿ ಬಿಚ್ಚಬೇಡಿ.

ಇನ್ನು ಗಿರಣಿಯ ಮಾತು. ಗಾಳಿ ಸೋಸುವ ವಿದ್ಯೆ ಯಂತ್ರಕ್ಕೆ ದೊರೆಯುತ್ತದೆಂದ ಮೇಲೆ ಮನುಷ್ಯನಿಗೇಕೆ ದೊರೆಯಬಾರದು? ಹತ್ತಿಯ ಧೂಳು ವರ್ಷಗಟ್ಟಲೆ ಉಸಿರಿನೊಡನೆ ಹೋದರೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗ ಬರುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ಧೂಳು ಹುಟ್ಟುವ ಜಾಗದ ಹತ್ತಿರವೇ ಅದನ್ನು ಹೊರಗೆಳೆಯುವ ಸಾಧನವಿರಬೇಕೆಂದು 1948ರ ಫ್ಯಾಕ್ಟರಿ ಕಾಯಿದೆಯ 14ನೆಯ ಕಲಮು ವಿಧಿಸಿತು. ಅಮೆರಿಕದಲ್ಲಿ 1978ರಲ್ಲಿ, ನೂಲು ತೆಗೆಯುವ ವಿಭಾಗದ ಒಂದು ಘನ ಮೀಟರ್ ಗಾಳಿಗೆ 200 ಮೈಕ್ರೋಗ್ರಾಂ ಹತ್ತಿ ಧೂಳಿನ ಮಿತಿ ಹಾಕಿದರು. ಖರ್ಚಿನ ನೆಪ ಹೇಳಿ ಗಿರಣಿ ಮಾಲೀಕರು ನ್ಯಾಯಾಲಯಕ್ಕೆ ಹೋದರು. 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಮಿತಿಯನ್ನು ಎತ್ತಿಹಿಡಿಯಿತು.

ಆದುದರಿಂದ ಧೂಳು ತಡೆಯುವುದು ಆಗದ ಕೆಲಸವೆಂದು ಯಾರೂ ನಮಗೆ ಹೇಳಬೇಕಾಗಿಲ್ಲ. ಕಂಪ್ಯೂಟರ್ ಕೋಣೆ ಗುಡಿಸುವವರಿಗೆ ತಕ್ಕ ಸಾಧನ ಮತ್ತು ತರಬೇತಿ ಕೊಡಲಿ. ಗಿರಣಿಯ ಪ್ರತಿ ವಿಭಾಗದ ಗಾಳಿಯನ್ನು ಅಳೆದು, ಆ ಲೆಕ್ಕವನ್ನು ಕಾರ್ಮಿಕರ ಕಣ್ಣಿಗೆ ಬೀಳುವಂತೆ ಬಾಗಿಲಲ್ಲಿ ಅಂಟಿಸಲಿ. ಮುಂದಿನ ಸಭೆಯಲ್ಲಿ ಸಂಘಗಳು ಮೊದಲು ಕೇಳಬೇಕಾದದ್ದು ಈ ಎರಡನ್ನೇ.