ಸದ್ದೆಲ್ಲ ಕೇಳುತ್ತದೆ, ಮಾತು ಕೇಳುವುದಿಲ್ಲ



ಕುರೆಕುಪ್ಪದಲ್ಲಿ ಕುಟುಂಬಗಳನ್ನು ಸಂದರ್ಶಿಸುತ್ತಿದ್ದಾಗ ವೃದ್ಧ ತಾಯಿಯೊಬ್ಬರು ಹೇಳಿದ ಮಾತು ನನ್ನ ಮನಸ್ಸನ್ನು ಕಲಕಿತು: “ಫಾದರ್, ಈ ಮಿಷನ್ ಹಾಕ್ಕಂಡ್ರೆ ಸದ್ದೆಲ್ಲಾ ಕೇಳ್ತೈತ್ರಿ, ಮಾತು ಮಾತ್ರ ಕೇಳಂಗಿಲ್ರಿ.” ಅದಿರಿನ ಲಾರಿಗಳ ಅಬ್ಬರ, ಪಾತ್ರೆಗಳ ಸಪ್ಪಳ, ಫ್ಯಾನಿನ ಗಾಳಿ ಎಲ್ಲವೂ ಅವರ ಕಿವಿಯನ್ನು ತುಂಬುತ್ತಿದ್ದವು, ಮೊಮ್ಮಗನ ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಗುರುಗಳು ಕೂಗಿ ಮಾತನಾಡಿದರೆ ಹೊರಗಿನವರಿಗೆ ಕೇಳಿಸೀತೆಂಬ ಸಂಕೋಚದಿಂದ ಪಾಪನಿವೇದನೆಗೆ ಬರುವುದನ್ನೂ ಅವರು ನಿಲ್ಲಿಸಿದ್ದರು. ಅವರ ಅನುಮತಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಅವರ ಮಗಳು ಅಮೆರಿಕದಲ್ಲಿ ನರ್ಸ್. ಬಾಣಂತನಕ್ಕೆಂದು ತಾಯಿ ಅಲ್ಲಿಗೆ ಹೋಗಿದ್ದಾಗ, ದೊಡ್ಡ ರಿಯಾಯಿತಿ ಮಳಿಗೆಯೊಂದರಲ್ಲಿ ಪರೀಕ್ಷೆ ಮಾಡಿಸಿ ಜೋಡಿ ಶ್ರವಣ ಸಾಧನ ಕೊಡಿಸಿದ್ದಳು. ಎರಡು ವರ್ಷ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಒಂದು ಕಳೆದುಹೋಯಿತು. ಕಿವಿಯ ಸ್ಥಿತಿಯೂ ಬದಲಾಗಿ ಉಳಿದದ್ದು ಹೊಂದದಾಯಿತು. ಅದನ್ನು ಮರುಹೊಂದಿಸುವ ತಂತ್ರಾಂಶ ಇಲ್ಲಿ ಯಾರಲ್ಲೂ ಇರಲಿಲ್ಲ. ಆಗ ಇಲ್ಲಿರುವ ಮಗ ಮೊಬೈಲಿನಲ್ಲಿ ಭಾರೀ ರಿಯಾಯಿತಿ ಕಂಡು ಬದಲಿಯೊಂದನ್ನು ತರಿಸಿದ. ಪ್ರೀತಿಯಿಂದಲೇ ತರಿಸಿದ, ಅವನನ್ನು ದೂಷಿಸಲಾರೆ.

ಹಾಗಾದರೆ ಕಡಿಮೆ ಬೆಲೆಯೇ ದೋಷವೇ? ಖಂಡಿತ ಅಲ್ಲ. ಅಮೆರಿಕದ ಕಾಸ್ಟ್‌ಕೊ ಮಳಿಗೆಗಳಲ್ಲಿ ಸಾಧನವು ಇತರೆಡೆಗಿಂತ ಅಗ್ಗ. ಆದರೆ ಅಲ್ಲಿ ಕಿವಿಯ ಪರೀಕ್ಷೆ ನಡೆಯುತ್ತದೆ, ಸಾಧನವನ್ನು ಕಿವಿಗೆ ಹೊಂದಿಸುತ್ತಾರೆ. ಒಗ್ಗದಿದ್ದರೆ 180 ದಿನಗಳೊಳಗೆ ಹಿಂದಿರುಗಿಸಬಹುದು, ಕಳೆದುಹೋದರೂ ನಿಗದಿತ ಅವಧಿಯೊಳಗೆ ಬದಲಿ ದೊರೆಯುತ್ತದೆ. ಅಂದರೆ ಅಲ್ಲಿ ಬೆಲೆ ಇಳಿದರೂ ಆರೈಕೆ ಉಳಿದಿದೆ. ನಾವಾದರೋ ಬೆಲೆಯನ್ನಷ್ಟೇ ನೋಡಿ ಆರೈಕೆಯನ್ನು ಬಿಟ್ಟುಬಿಡುತ್ತೇವೆ.

ಅಗ್ಗದ ಧ್ವನಿವರ್ಧಕವು ಎಲ್ಲ ಸದ್ದನ್ನೂ ಒಂದೇ ಸಮನೆ ಹೆಚ್ಚಿಸುತ್ತದೆ. ನಿಜವಾದ ಶ್ರವಣ ಸಾಧನವು ಆ ವ್ಯಕ್ತಿಯ ಆಡಿಯೋಗ್ರಾಂಗೆ ಅನುಗುಣವಾಗಿ, ಕಿವಿ ಕಳೆದುಕೊಂಡ ಸ್ವರಗಳನ್ನು ಮಾತ್ರ ಎತ್ತಿಕೊಡುತ್ತದೆ. ವಯಸ್ಸಾದಂತೆ ಮೊದಲು ಕ್ಷೀಣಿಸುವುದು ಸಾಮಾನ್ಯವಾಗಿ ತೀಕ್ಷ್ಣ ಸ್ವರಗಳು. ‘ಸ’, ‘ಶ’, ‘ತ’ ಮುಂತಾದ ವ್ಯಂಜನಗಳ ಸ್ಪಷ್ಟತೆ ಅಡಗಿರುವುದು ಅಲ್ಲಿಯೇ. ಇಂದ್ರಿಯಗಳಲ್ಲಿ ಜ್ಞಾನಕ್ಕೆ ಹೆಚ್ಚು ನೆರವಾಗುವುದು ಶ್ರವಣವೆಂದು ತತ್ತ್ವಜ್ಞಾನಿ ಅರಿಸ್ಟಾಟಲ್ ಭಾವಿಸಿದ್ದ; ಏಕೆಂದರೆ ಮಾತು ಒಳಗೆ ಬರುವುದು ಕಿವಿಯ ಮೂಲಕ. ಸದ್ದು ಬೇರೆ, ಮಾತು ಬೇರೆ ಎಂಬುದನ್ನು ನಮ್ಮ ತಾಯಿ ಯಾವ ಗ್ರಂಥವನ್ನೂ ಓದದೆ ಹೇಳಿದರು.

ನಮ್ಮ ನಾಡಿನಲ್ಲಿಯೂ ದಾರಿಗಳಿವೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಪರೀಕ್ಷೆ ನಡೆಸಿ, ಕಿವಿಯ ಅಚ್ಚು ತೆಗೆದು, ರಿಯಾಯಿತಿ ದರದಲ್ಲಿ ಸಾಧನ ಒದಗಿಸುತ್ತದೆ. ದೂರವೆನಿಸಿದರೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಿಂದ ಆರಂಭಿಸಿರಿ; ಒಮ್ಮೊಮ್ಮೆ ತೊಂದರೆ ಬರಿಯ ಗುಗ್ಗೆಯದಾಗಿರುವುದೂ ಉಂಟು. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ, ಶೇಕಡ 40 ಅಥವಾ ಅದಕ್ಕೂ ಹೆಚ್ಚಿನ ನ್ಯೂನತೆಯ ಪ್ರಮಾಣಪತ್ರವುಳ್ಳ, ಆದಾಯ ಮಿತಿಯೊಳಗಿನವರಿಗೆ ನೆರವುಂಟು. ಅದೇ ಸಾಧನಕ್ಕೆ ಮತ್ತೆ ನೆರವು ಬೇಕಾದರೆ ವಯಸ್ಕರು ಮೂರು ವರ್ಷ ಕಾಯಬೇಕು. ಆದುದರಿಂದ ಕೊಟ್ಟದ್ದನ್ನು ಜೋಪಾನ ಮಾಡುವುದು ಅಗತ್ಯ. 60 ದಾಟಿದ ಬಡ ಹಿರಿಯರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆಯೂ ಇದೆ.

ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿರಿ. ಕೆಟ್ಟರೆ ಹೊಸಪೇಟೆಯಲ್ಲಾಗಲೀ ಬಳ್ಳಾರಿಯಲ್ಲಾಗಲೀ ಸರಿಪಡಿಸುವವರು ಯಾರು? ಕಿವಿ ಬದಲಾದಾಗ ಮರುಹೊಂದಿಸುವವರು ಯಾರು? ಕಳೆದುಹೋದರೆ ಬದಲಿ ಉಂಟೇ? ಉತ್ತರವಿಲ್ಲದಿದ್ದರೆ ಅರ್ಧ ಬೆಲೆಯೂ ದುಬಾರಿಯೇ. ಸಾಧನ ಬಂದ ಮೇಲೂ ಕಿವಿಗಿಂತ ಮಿದುಳು ಅದಕ್ಕೆ ಒಗ್ಗಿಕೊಳ್ಳಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ. ಆ ದಿನಗಳಲ್ಲಿ ಟಿ.ವಿ. ಆರಿಸಿ, ಎದುರಿಗೆ ಕುಳಿತು, ನಿಧಾನವಾಗಿ ಮಾತನಾಡುವವರು ಮನೆಯಲ್ಲಿರಬೇಕು.

ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಕಿವುಡನೊಬ್ಬನನ್ನು ಗುಣಪಡಿಸುತ್ತಾರೆ. ಅದಕ್ಕೂ ಮೊದಲು ಅವನನ್ನು ಜನಜಂಗುಳಿಯಿಂದ ಪ್ರತ್ಯೇಕವಾಗಿ ಕರೆದೊಯ್ಯುತ್ತಾರೆ. ಗುಂಪಿಗಲ್ಲ, ಆ ಒಬ್ಬನಿಗೇ ಅವರು ಸಮಯ ಕೊಟ್ಟರು. ತಂದೆತಾಯಿಯರನ್ನು ಗೌರವಿಸಬೇಕೆಂಬ ಕಟ್ಟಳೆಯು ಹಣ ಸಂದಾಯ ಮಾಡಿದ ಮಾತ್ರಕ್ಕೆ ತೀರುವುದಿಲ್ಲ.

ಆ ತಾಯಿಯನ್ನು ಬಳ್ಳಾರಿಗೆ ತಾನೇ ಕರೆದೊಯ್ಯಲು ಮಗ ಒಪ್ಪಿದ್ದಾನೆ. ಅಲ್ಲಿಯವರೆಗೆ, ಬಲಿಪೂಜೆಗೆ ಅರ್ಧ ಗಂಟೆ ಮೊದಲು, ದೇವಾಲಯದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅವರಿಗಾಗಿ ಕಾದಿರುತ್ತೇನೆಂದು ತಿಳಿಸಿದ್ದೇನೆ. ಕಿವಿ ಮಂದವಾದ ಇತರ ಹಿರಿಯರೂ ಸಂಕೋಚವಿಲ್ಲದೆ ಬರಲಿ.